ಶನಿವಾರದ ಮಳೆ

ಝಹ್ಲೆ,
ಸೆಪ್ಟೆಂಬರ್ ೫, ೧೮೮೬, ಭಾನುವಾರ

ಪ್ರೀತಿಯ ಅಮ್ಮಾ,

ಮೊದಲು ತಪ್ಪೊಪ್ಪಿಗೆ. ನೀನು ಊರಲ್ಲಿಲ್ಲದ ಸಮಯ ಸಾಧಿಸಿ, ಪೂರ್ಣ ಪ್ರಜ್ಞೆಯಿಂದ, ನಿನ್ನ ಬೀರು ತೆಗೆದು ಕಿತ್ತಳೆ ಹೂವಿನ ನೀರಿನ ಸೀಸೆಯನ್ನು ಮೂಸಿದ್ದೇನೆ. ಕುಡಿದಿಲ್ಲ, ಮೂಸಿದ್ದಷ್ಟೆ. ಶಿಕ್ಷೆ ವಿಧಿಸುವ ಮುನ್ನ ಪತ್ರ ಪೂರ್ತಿ ಓದು.

ನಿನ್ನ ಮೊಣಕಾಲು ಹೇಗಿದೆ? ಅಲೆಕ್ಸಾಂಡ್ರಿಯಾದ ಕಡಲಗಾಳಿ ಒಗ್ಗಿತೇ? ಅಫೀಫೆ ಅಕ್ಕನ ಬಾಣಂತನದ ನೆಪದಲ್ಲಿ ನೀನೇ ಬಾಣಂತಿಗಿಂತ ಸೊರಗಬೇಡ. ಇಲ್ಲಿ ದ್ರಾಕ್ಷಿ ಚೆನ್ನಾಗಿ ಬಂದಿದೆ. ಹಿಲಾನೆ ಅತ್ತೆ ಮಾಳಿಗೆ ತುಂಬ ಬೇಯಿಸಿದ ಗೋಧಿ ಒಣಹಾಕಿ, ಗುಬ್ಬಿಗಳ ಮೇಲೂ ನನ್ನ ಮೇಲೂ ಒಂದೇ ದನಿಯಲ್ಲಿ ರೇಗುತ್ತಿದ್ದಾಳೆ.

ಅದೇ ಮಾಳಿಗೆಯ ಮೂಲೆಯಲ್ಲಿ ಆ ವಿಲಾಯತಿ ಪಂಡಿತರು, ನಮ್ಮ ಖವಾಜಾ ಫರ್ಗಸ್ ಸಾಹೇಬರು ಇಟ್ಟ ಹವಾಮಾನ ಕೇಂದ್ರವಿದೆಯಲ್ಲ, ಅದರ ಸುದ್ದಿಯೇ ಸುದ್ದಿ. ಡಿಗ್ರಿ ಪಡೆದವನಿಗೆ ಡಿಗ್ರಿ ಎಣಿಸುವ ಕೆಲಸ ಸಿಕ್ಕಿತೆಂದು ನೀನು ಸಂತೋಷಪಟ್ಟಿದ್ದೆ. ಆದರೆ ನೀನು ಹೊರಟ ಮೇಲೆ ಖವಾಜಾ ಗಡ್ಡ ಸವರುತ್ತ, ಇಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುತ್ತಿಲ್ಲ, ಕೇಂದ್ರವನ್ನು ಬಾಲ್‌ಬೆಕ್‌ಗೆ ಸಾಗಿಸುವುದೇ ಮೇಲು ಎಂದರು. ಕೇಂದ್ರ ಹೋದರೆ ನಾನು ಮತ್ತೆ ಮಾವನ ಅರಕ್ ಸಾರಾಯಿ ಅಂಗಡಿಯಲ್ಲಿ ಸೀಸೆ ತೊಳೆಯಬೇಕು. ಅಷ್ಟರಲ್ಲಿ, ಮಳೆಯೇ ಇಲ್ಲದ ಜುಲೈ ತಿಂಗಳ ಒಂದು ಶನಿವಾರ, ಖವಾಜಾ ಎಂದಿನಂತೆ ಕುದುರೆ ಇಳಿದು ಬಂದು ಮಳೆ ಅಳೆಯುವ ತಾಮ್ರದ ಪಾತ್ರೆಗೆ ಬಗ್ಗಿದರೆ, ಒಳಗೆ ನೀರು! ಆಕಾಶದಲ್ಲಿ ಔಷಧಕ್ಕೂ ಮೋಡವಿಲ್ಲ. ಮುಂದಿನ ಶನಿವಾರವೂ ಹಾಗೇ, ಅದರ ಮುಂದಿನದೂ. ವಾರದ ಉಳಿದ ದಿನ ಪಾತ್ರೆ ಒಣ ಒಣ.

ನಿನ್ನ ಮಗನನ್ನು ಏಮಾರಿಸುವ ಮೋಡ ಇನ್ನೂ ಹುಟ್ಟಿಲ್ಲ, ಅಮ್ಮಾ. ಮೊದಲ ಹನಿಗೇ ನನಗೆ ಅನುಮಾನ. ನೀರು ಮೂಸಿದೆ: ಘಮ. ನಿನ್ನ ಸೀಸೆ ಮೂಸಿದೆ: ಅದೇ ಘಮ, ಸೀಸೆ ಮಾತ್ರ ಅರ್ಧ. ನಿನ್ನೆ ಬೆಳಿಗ್ಗೆ ಗೋಧಿ ಚಾಪೆಗಳ ಹಿಂದೆ ಅಡಗಿ ಕೂತೆ. ಮಳೆರಾಯ ಕಪ್ಪು ಮುಸುಕು ಹೊದ್ದು, ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ. ಕೈಯಲ್ಲಿ ಕಾಫಿ ಬಟ್ಟಲು.

"ಇದೇನತ್ತೆ?" ಅಂದೆ.

"ಸುಮ್ನಿರೋ. ಪಾಪ, ಆ ಮನುಷ್ಯ ಅಷ್ಟು ದೂರದಿಂದ ಬರ್ತಾನೆ, ಬಗ್ಗಿ ನೋಡ್ತಾನೆ, ಮುಖ ಇಷ್ಟು ಮಾಡ್ಕೊಂಡು ಹೋಗ್ತಾನೆ. ಪಕ್ಕದ ಮನೆ ಬಟ್ಟಲನ್ನೇ ನಾವು ಖಾಲಿ ವಾಪಸ್ ಕಳ್ಸಲ್ಲ. ನಮ್ಮ ಮಾಳಿಗೇಲೇ ಪಾತ್ರೆ ಇಟ್ಟೋನನ್ನ ಖಾಲಿ ಕಳ್ಸೋದಾ?"

ಹಾಗಿದ್ದರೆ ಬರೀ ನೀರು ಹಾಕಬಹುದಿತ್ತಲ್ಲ ಎಂದೆ.

"ಅತಿಥಿಗೆ ಬರೀ ನೀರಾ? ನಿಮ್ಮಮ್ಮ ಬಂದು ನನ್ನ ಬಿಟ್ಟಾಳಾ?"

ಈಗ ನೀನೂ ನಿಜ ಹೇಳು. ಮೇ ತಿಂಗಳಲ್ಲಿ ನೀನು ಇಲ್ಲಿದ್ದಾಗ ನಮ್ಮ ಮಾಳಿಗೆಯ ಮೇಲೆ ಮಾತ್ರ ಬಿದ್ದ ಆ ಒಂದು ತುಂತುರು ಯಾರದು?

ಅಕ್ಕನಿಗೆ ನನ್ನ ನೆನಪು ಹೇಳು, ಕೂಸಿನ ಕೆನ್ನೆಗೆ ಒಂದು ಮುತ್ತು. ನಿನ್ನ ಹಾರೈಕೆ ನನ್ನ ತಲೆಯ ಮೇಲಿರಲಿ; ಸದ್ಯ ಅಲ್ಲಿ ಬೇರೆ ಮೋಡವಿಲ್ಲ.

ನಿನ್ನ ಏಮಾರದ ಮಗ,
ನಸೀಮ್

ಮರೆತದ್ದು: ಅಂಚೆಯವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. 'ಮೊದಲ ಹನಿಗೇ ಅನುಮಾನ' ಎಂದೆನಲ್ಲ, ಅದನ್ನು ಸ್ವಲ್ಪ ಸಡಿಲಿಸಿಕೊಂಡು ಓದು. ಆ ಅನುಮಾನಕ್ಕೂ ಮೊದಲು ನಾನು 'ಝಹ್ಲೆಯ ಶನಿವಾರದ ಮಳೆ' ಎಂಬ ಪ್ರೌಢ ಲೇಖನ ಬರೆದಿದ್ದೆ. ಸೈದಾದ ಕಿತ್ತಳೆ ತೋಟಗಳನ್ನು ಹಾಯ್ದು ಬರುವ ಈ ಮಳೆಗೆ ಸಹಜ ಪರಿಮಳವಿದೆ, ಸ್ವತಃ ಕುಡಿದು ಖಚಿತಪಡಿಸಿಕೊಂಡಿದ್ದೇನೆ ಎಂದೂ ಸೇರಿಸಿದ್ದೆ. ಕಿತ್ತಳೆ ಹೂ ಬಿಡುವುದು ವಸಂತದಲ್ಲಿ ಎಂಬುದು ಬೈರೂತಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ನೆನಪಾಯಿತು. ನಿನ್ನೆ ಖವಾಜಾಗೆ ಎಲ್ಲ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವರೇ ಮೊದಲು ನನ್ನನ್ನು ತಬ್ಬಿಕೊಂಡು, ಲೇಖನ ಮೆಚ್ಚಿ ಮುಂದಿನ ಶನಿವಾರ ಇಬ್ಬರು ಪಂಡಿತರು ಮಳೆ ನೋಡಲು ಬರುತ್ತಾರೆ, ಇನ್ನು ಕೇಂದ್ರ ಇಲ್ಲೇ ಎಂದುಬಿಟ್ಟರು. ತೆರೆದ ಬಾಯಿ ಮುಚ್ಚಿಕೊಂಡೆ. ಏನು ಮಾಡಲಿ, ತಂತಿ ಕಳಿಸು. ಅತ್ತೆ ಬೆಳಗಿನಿಂದ ಕೇಳುತ್ತಿದ್ದಾಳೆ, "ಮೂರು ಜನ ಬಂದ್ರೆ ಒಂದು ಬಟ್ಟಲು ಸಾಕಾಗುತ್ತೇನೋ?" ನನಗೂ ಅದೇ ಯೋಚನೆ, ಅಮ್ಮಾ.