ಕೊಕ್ಕರೆ ನಡಿಗೆಯ ಮನೆಯವರು

ಅಂಗಡಿಯ ಹಿಂಬದಿ ಕೋಣೆ,
ಮಂಗಳವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬಸ್ಸಿಗೆ ಹೊಸ ಸೀಟು ಹಾಕಿಸಿದ ಮೇಲೆ ಬೆನ್ನುನೋವು ಕಡಿಮೆಯಾಯಿತೇ, ಇಲ್ಲಾ ಹಳೆಯ ಸೀಟೇ ವಾಸಿ ಅನ್ನಿಸುತ್ತಿದೆಯೇ? ಪಿಟೀಲು ಹೇಗಿದ್ದಾಳೆ? ಹುಟ್ಟಿದ ವಾರವಿಡೀ ಒಂದೇ ಶ್ರುತಿಯಲ್ಲಿ ಅತ್ತಳೆಂದು ಅಪ್ಪ ಇಟ್ಟ ಹೆಸರು ಅದು. ನಿನ್ನ ಮಗಳಿಗೆ ಈಗ ಎಂಟು ವರ್ಷವಾದರೂ ಅವಳ ನಿಜವಾದ ಹೆಸರು ಅವರಿಗೆ ಥಟ್ಟನೆ ನೆನಪಾಗುವುದಿಲ್ಲ. ಪಿಟೀಲಿನ ಅಮ್ಮನ ನೆಗಡಿ ವಾಸಿಯಾಯಿತೇ? ಇಲ್ಲಿ ನಿನ್ನ ಭಾವ ಚೆನ್ನಾಗಿದ್ದಾರೆ. ಅಪ್ಪ ಎಂದಿನಂತೆ ಬೆಳಿಗ್ಗೆ ಪೇಪರಿನ ಪದಬಂಧ ತುಂಬಿ, ತುಂಬಲಾಗದ ಮನೆಗಳಿಗೆ ಸಂಪಾದಕರನ್ನು ಬೈದು, ಬೀದಿಯ ಕೊನೆಯವರೆಗೆ ಒಂದು ಸುತ್ತು ಹೋಗಿ ಬರುತ್ತಾರೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ ಅಕ್ಕ, ಹೂಂ ಅಕ್ಕ" ಅನ್ನುತ್ತೀಯ. ಕೇಳಿಸಿಕೊಳ್ಳುತ್ತಿದ್ದೀಯೋ ಊಟ ಮಾಡುತ್ತಿದ್ದೀಯೋ ಗೊತ್ತಾಗುವುದಿಲ್ಲ. ಕಾಗದವಾದರೆ ಎರಡನೇ ಸಲ ಓದಬಹುದು. ಈ ಕಾಗದವನ್ನು ನೀನು ಎರಡು ಸಲ ಓದಬೇಕು.

ನನ್ನ ಕಾಲು ಜೋಮು ಹಿಡಿಯುತ್ತಿದೆ ಎಂದು ಹಿಂದೆಯೇ ಹೇಳಿದ್ದೆ. ಅದು ಜೋಮಿಗೆ ನಿಲ್ಲಲಿಲ್ಲ. ಒಂದು ದಿನ ಬ್ಯಾಂಕಿಗೆ ಹೋಗಿ ಬಂದು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾಗ ನಿನ್ನ ಭಾವ "ಒಂದು ಚಪ್ಪಲಿ ಯಾರಿಗೆ ದಾನ ಮಾಡಿ ಬಂದೆ?" ಎಂದರು. ನೋಡಿದರೆ ಎಡಗಾಲು ಬರಿಗಾಲು. ಚಪ್ಪಲಿ ಎಲ್ಲಿ ಕಳಚಿತೋ ಕಾಲಿಗೆ ಗೊತ್ತೇ ಆಗಿರಲಿಲ್ಲ. ಆಮೇಲೆ ಕೈಯ ಸರದಿ. ಕನ್ನಡಕದ ಕಡ್ಡಿ ಕೂರಿಸುವ ಸ್ಕ್ರೂ ಸಾಸಿವೆಗಿಂತ ಚಿಕ್ಕದು, ನಿನಗೆ ಗೊತ್ತಲ್ಲ. ಬೆರಳ ತುದಿಯಲ್ಲಿ ಅದು ಇದೆಯೋ ಬಿದ್ದಿದೆಯೋ ತಿಳಿಯದೆ ಪ್ರತಿ ಸಲ ಕಣ್ಣಿನಿಂದ ನೋಡಬೇಕಾಯಿತು. ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ತೊಂದರೆಯಿಲ್ಲ, ಫ್ರೇಮು ಜೋಡಿಸುವುದನ್ನು ಮಾತ್ರ ಈಗ ಭಾವನೇ ಮಾಡುತ್ತಾರೆ, ಗೊಣಗುತ್ತಾ.

ಮೊದಲು ನಮ್ಮ ಬೀದಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಇಲ್ಲ, ಥೈರಾಯ್ಡ್ ಸರಿಯಿದೆ, ವಿಟಮಿನ್ನಿನ ಕೊರತೆಯಿಲ್ಲ. "ಎಲ್ಲಾ ಚೆನ್ನಾಗಿದೆ" ಎಂದು ಅವರು ಬೇಸರದಿಂದ ಹೇಳಿ, ನರಗಳ ವೈದ್ಯೆಯೊಬ್ಬರ ಬಳಿಗೆ ಕಳಿಸಿದರು. ಆಕೆ ನನಗಿಂತ ಚಿಕ್ಕವರು, ಮಾತು ಕಡಿಮೆ, ಕೈ ತಣ್ಣಗೆ. ಕವಲಿನಂಥ ಒಂದು ಲೋಹದ ಕಡ್ಡಿಯನ್ನು ಬಾರಿಸಿ ಅದರ ಬುಡವನ್ನು ನನ್ನ ಕಾಲಿನ ಹೆಬ್ಬೆರಳಿನ ಮೇಲಿಟ್ಟು, "ನಡುಗೋದು ಗೊತ್ತಾಗುತ್ತಾ? ಕಣ್ಣು ಮುಚ್ಚಿಕೊಂಡು ಹೇಳಿ" ಎಂದರು. ನಾನು ಹೂಂ ಎಂದೆ. ಇನ್ನೊಂದು ಕಾಲು, ಹೂಂ. ಮತ್ತೆ ಮೊದಲನೆಯ ಕಾಲು, ಹೂಂ. ಆಗ ಆಕೆ ನಕ್ಕು, "ಈ ಸಲ ನಾನು ಬಾರಿಸೇ ಇಲ್ವಲ್ಲಮ್ಮಾ" ಎಂದರು! ನೋಡು, ಇಷ್ಟು ವರ್ಷ ನಾನು ಕುರ್ಚಿಯ ಈ ಕಡೆ ನಿಂತು, ಕಾಯುವಾಗಲೇ ಬೋರ್ಡಿನ ಕೊನೆಯ ಸಾಲು ಬಾಯಿಪಾಠ ಮಾಡಿಕೊಂಡು ಬರುವ ಗಿರಾಕಿಗಳನ್ನು ಹಿಡಿದವಳು. "ಇದು ಪರೀಕ್ಷೆ ಅಲ್ಲ ಸ್ವಾಮಿ, ಪಾಸಾಗೋದು ಬೇಡ, ಕಾಣಿಸಿದ್ದು ಹೇಳಿ" ಎಂದು ದಿನಾ ಹೇಳುವವಳು. ಕುರ್ಚಿಯ ಆ ಕಡೆ ಕೂತ ತಕ್ಷಣ ನಾನೂ ಪಾಸಾಗಲು ಹೊರಟೆ. ಅಲ್ಲಿಂದ ಮುಂದೆ ನಿಜ ಹೇಳಿದೆ. ಪಾದದಿಂದ ಮೊಣಕಾಲಿಗೆ ಅರ್ಧ ದಾರಿಯವರೆಗೆ ಆ ಕಡ್ಡಿ ನನ್ನ ಪಾಲಿಗೆ ಬರೀ ತಣ್ಣನೆಯ ಕಬ್ಬಿಣ.

ಆಮೇಲೆ ಕರೆಂಟಿನ ಪರೀಕ್ಷೆ. ಹೆದರಬೇಡ, ಇದು ನಿಜವಾಗಿ ನೋಡುವಂಥದ್ದು. ಮೊಣಕಾಲಿನ ಹತ್ತಿರ ಸಣ್ಣಗೆ ಚುರುಕು ಮುಟ್ಟಿಸುತ್ತಾರೆ, ಕೆಳಗೆ ಪಾದ ತಾನಾಗಿಯೇ ಹಾರುತ್ತದೆ, ಸುದ್ದಿ ಎಷ್ಟು ಬೇಗ ತಲುಪಿತು ಎಂದು ಪರದೆಯ ಮೇಲೆ ಗೆರೆ ಮೂಡುತ್ತದೆ. ನನ್ನದೇ ಕಾಲು ನನ್ನನ್ನು ಕೇಳದೆ ಹಾರಿದ್ದನ್ನು ನೋಡಿ ಮಕ್ಕಳ ಹಾಗೆ ಇನ್ನೊಂದು ಸಲ ಮಾಡಿ ಎಂದೆ. ಪರೀಕ್ಷೆ ಮಾಡುವ ಹುಡುಗಿ "ಎಲ್ಲರೂ ಸಾಕು ಅಂತಾರೆ, ನೀವೊಬ್ರೇ ಬೇಕು ಅಂದಿದ್ದು" ಎಂದಳು. ನನ್ನ ನರಗಳಲ್ಲಿ ಸುದ್ದಿ ಹೋಗುತ್ತದೆ, ಆದರೆ ಬಹಳ ನಿಧಾನ. ಎರಡು ಕಾಲಲ್ಲೂ ಎರಡು ಕೈಯಲ್ಲೂ ಒಂದೇ ಸಮ ನಿಧಾನ. ತಂತಿ ಇದೆ, ಅದರ ಮೇಲಿನ ಹೊದಿಕೆ ಹಾಳಾಗಿದೆ ಎಂದರು ವೈದ್ಯೆ. ಏಕೆ ಹಾಳಾಯಿತು ಎನ್ನುವುದೇ ಪ್ರಶ್ನೆ.

ಅದಕ್ಕೆ ದಾರಿ ಒಂದಲ್ಲ. ದೇಹವೇ ತನ್ನ ನರಗಳ ಮೇಲೆ ದಾಳಿ ಮಾಡುತ್ತಿದ್ದರೆ ಬೆನ್ನಿನಿಂದ ನೀರು ತೆಗೆದು ನೋಡಬಹುದು, ಅದಕ್ಕೆ ಔಷಧಿಯೂ ಇದೆ. ಅದರಲ್ಲಿ ತಿಳಿಯದಿದ್ದರೆ ಕಾಲಿನ ಗಿಣ್ಣಿನ ಪಕ್ಕದಿಂದ ನರದ ಒಂದು ತುಂಡು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಆದರೆ ಆ ಜಾಗ ಆಮೇಲೆ ಯಾವತ್ತಿಗೂ ಮರಗಟ್ಟಿಯೇ ಇರುತ್ತದೆ. ಹುಟ್ಟಿನಿಂದಲೇ ಬಂದದ್ದಾದರೆ ರಕ್ತದಲ್ಲಿ ವಂಶವಾಹಿಯನ್ನು ನೋಡಬಹುದು. "ಮನೆಯಲ್ಲಿ ಯಾರಿಗಾದ್ರೂ ಈ ಥರ ಇದೆಯಾ?" ಎಂದು ಕೇಳಿದರು. ನಾನು ಥಟ್ಟನೆ, "ಯಾರಿಗೂ ಇಲ್ಲ, ನಮ್ಮದು ಗಟ್ಟಿ ಮೈ" ಎಂದೆ. ಭಾವನೂ ತಲೆಯಾಡಿಸಿದರು. ಹಾಗಾಗಿ ಬೆನ್ನಿನ ನೀರಿಗೆ ಒಂದು ದಿನ ನಿಗದಿಯಾಯಿತು. ಅದರಲ್ಲೂ ಉತ್ತರ ಸಿಗದಿದ್ದರೆ ನರದ ತುಂಡು.

ಆ ದಿನ ಭಾವನಿಗೆ ಅಂಗಡಿ ಬಿಡಲಾಗಲಿಲ್ಲ, ನನ್ನ ಜೊತೆಗೆ ಅಪ್ಪ ಬಂದರು. ಕಾರಿಡಾರಿನ ಬೆಂಚಿನಲ್ಲಿ ಕೂತು ಪದಬಂಧದಲ್ಲಿ ಮುಳುಗಿದ್ದರು. ನನ್ನ ಹೆಸರು ಕರೆದದ್ದೇ ಎದ್ದು ನನಗಿಂತ ಮುಂಚೆ ಬಾಗಿಲಿಗೆ ನಡೆದರು. ಅವರ ನಡಿಗೆ ನಿನಗೆ ಗೊತ್ತಲ್ಲ: ಮೊಣಕಾಲು ಎತ್ತಿ, ಪಾದ ಇಳಿಬಿಟ್ಟು, ಪಟ್ ಎಂದು ನೆಲಕ್ಕೆ. ಗಿರಣಿಯಲ್ಲಿ ಅವರನ್ನು ಎಲ್ಲರೂ ಕೊಕ್ಕರೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರಲ್ಲ. ತಾತನದೂ ಅದೇ ನಡಿಗೆಯಂತೆ. "ನಮ್ಮ ಮನೆತನದವರು ನೆಲ ಸವೆಸೋರಲ್ಲ, ನೆಲ ಮೆಟ್ಟೋರು" ಎಂದು ಅಪ್ಪ ಹೇಳಿದ್ದನ್ನು ಕೇಳುತ್ತಲೇ ಅಲ್ಲವೇ ನಾವು ಬೆಳೆದದ್ದು? ವೈದ್ಯೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಯಜಮಾನ್ರೇ, ಇನ್ನೊಂದ್ಸಲ ನಡೀತೀರಾ?" ಎಂದರು. ಅಪ್ಪನಿಗೆ ಸಂತೋಷವೋ ಸಂತೋಷ. ಹೋಗಿ ಬಂದು, ಹೋಗಿ ಬಂದು ತೋರಿಸಿದರು. ಕೇಳದಿದ್ದರೂ ಮೂರನೇ ಸಲ ತೋರಿಸಿದರು. ವೈದ್ಯೆ ಅವರ ಬೂಟು ಬಿಚ್ಚಿಸಿ ಪಾದ ನೋಡಿದರು: ಕಮಾನಿನ ಹಾಗೆ ಎತ್ತರದ ಅಂಗಾಲು, ಕೊಕ್ಕೆಯ ಹಾಗೆ ಬಾಗಿದ ಬೆರಳುಗಳು. ಆಮೇಲೆ ನನ್ನ ಪಾದವನ್ನು ಪಕ್ಕದಲ್ಲಿ ಇಡಿಸಿದರು. ತಮ್ಮಾ, ಒಂದೇ ಅಚ್ಚು.

"ಯಾರಿಗೂ ಇಲ್ಲ ಅಂದ್ರಲ್ಲ?" ಎಂದರು ವೈದ್ಯೆ. ಅದು ಕಾಯಿಲೆ ಎಂದು ನಮಗೆ ಯಾರಿಗೆ ಹೊಳೆದಿತ್ತು? ಮೂಗಿನ ಹಾಗೆ, ದನಿಯ ಹಾಗೆ ನಮ್ಮದು ಎಂದುಕೊಂಡಿದ್ದೆವು. ಬೆನ್ನಿನ ನೀರು ಸದ್ಯಕ್ಕೆ ಬೇಡ, ನರದ ತುಂಡು ಬೇಡವೇ ಬೇಡ ಎಂದರು. ಉಳಿದದ್ದು ವಂಶವಾಹಿಯ ಪರೀಕ್ಷೆ ಒಂದೇ. ಅಪ್ಪ ಮಾತ್ರ ಒಪ್ಪುತ್ತಿಲ್ಲ. "ನಮ್ಮಪ್ಪ ಹೀಗೇ ನಡೆದ, ನಾನೂ ಹೀಗೇ ನಡೆದೆ. ಇದು ಕಾಯಿಲೆ ಆಗಿದ್ರೆ ಇಷ್ಟೊತ್ತಿಗೆ ವಾಸಿ ಆಗಿರ್ತಿತ್ತು" ಎನ್ನುತ್ತಾರೆ. ಈ ವಾದವನ್ನು ನೀನಾದರೂ ಮುರಿದು ನೋಡು, ನನ್ನಿಂದಾಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಷ್ಟವಿಲ್ಲದ ಪರೀಕ್ಷೆ ಇದೇ, ಒಂದು ಸಣ್ಣ ಕೊಳವೆ ರಕ್ತ. ಆದರೆ ಮಿಕ್ಕ ಎಲ್ಲ ಪರೀಕ್ಷೆಗಳೂ ನನ್ನ ಮೈಯನ್ನು ಮಾತ್ರ ಕೇಳಿದವು, ಇದು ನಿನ್ನನ್ನೂ ಕೇಳುತ್ತದೆ. ನನಗೆ ಇದೆ ಎಂದಾದರೆ ಅದು ಅಪ್ಪನಿಂದ ಬಂದದ್ದು, ನಿನಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದವರೆಲ್ಲರಿಗೂ ಒಂದೇ ಥರ ಕಾಣಿಸಿಕೊಳ್ಳುವುದಿಲ್ಲ, ಕೆಲವರಿಗೆ ಜೀವನಪೂರ್ತಿ ಗೊತ್ತೂ ಆಗುವುದಿಲ್ಲವಂತೆ. ನೀನು ಸರಿಯಾಗಿಯೇ ನಡೆಯುತ್ತೀಯ, ನಾವು ನಿನ್ನನ್ನು ಅಮ್ಮನ ಕಡೆಯವನು ಎಂದು ಅಣಕಿಸುತ್ತಿದ್ದೆವು. ಆದರೆ ದಿನವಿಡೀ ಬ್ರೇಕಿನ ಮೇಲೆ ಕಾಲಿಟ್ಟು ಅನ್ನ ದುಡಿಯುವವನು ನೀನು. ನಿಮ್ಮ ಡಿಪೋದ ವಾರ್ಷಿಕ ತಪಾಸಣೆಯಲ್ಲಿ ಮನೆಯವರ ಕಾಯಿಲೆಗಳ ಬಗ್ಗೆ ಕೇಳುತ್ತಾರೆ ಎಂದು ನೀನೇ ಹೇಳಿದ್ದೆ. ಗೊತ್ತಿಲ್ಲ ಎನ್ನುವುದು ಈಗ ಸುಳ್ಳಲ್ಲ. ನನ್ನ ರಕ್ತ ಕೊಟ್ಟ ಮೇಲೆ ಸುಳ್ಳಾಗಬಹುದು.

ನಿನ್ನ ಭಾವನೊಂದಿಗೆ ಮೂರು ದಿನ ವಾದ ಮಾಡಿದೆ. ಉತ್ತರ ಬಂದರೆ ಏನು ಬದಲಾಗುತ್ತದೆ ಎನ್ನುವುದು ಅವರ ಪ್ರಶ್ನೆ. ಇದನ್ನು ವಾಸಿಮಾಡುವ ಔಷಧಿಯಿಲ್ಲ. ಪಾದ ಎತ್ತಿ ಹಿಡಿಯುವ ಪಟ್ಟಿ, ವ್ಯಾಯಾಮ, ಸರಿಯಾದ ಬೂಟು, ಇವಕ್ಕೆ ಕಾಯಿಲೆಯ ಹೆಸರು ಬೇಕಿಲ್ಲ, ಪಟ್ಟಿಯನ್ನು ನಾನು ಈಗಾಗಲೇ ಹಾಕಿಕೊಂಡು ಓಡಾಡುತ್ತಿದ್ದೇನೆ. ನನಗೋ, ಸತ್ಯ ಹೇಳಲೇ, ತಿಳಿದುಕೊಳ್ಳುವ ಚಪಲ. ತಾತನಿಗೂ ಹಿಂದೆ ಯಾರಿಂದ ಶುರುವಾಯಿತೋ, ಯಾರೆಲ್ಲ ಈ ನಡಿಗೆಯಲ್ಲಿ ಮದುವೆಮನೆಗಳಿಗೆ ಹೋಗಿ ಬಂದರೋ ಎಂದು ಯೋಚಿಸುತ್ತಾ ಕೂರುತ್ತೇನೆ. ಆದರೆ ನನ್ನ ಚಪಲಕ್ಕೆ ನಿನ್ನ ಕೆಲಸವನ್ನು ಒಡ್ಡುವುದು ಸರಿಯಲ್ಲ. ಆದ್ದರಿಂದ ಪರೀಕ್ಷೆ ಸದ್ಯಕ್ಕೆ ಬೇಡ ಎಂದು ವೈದ್ಯೆಗೆ ಹೇಳುವುದು ಎಂದು ತೀರ್ಮಾನಿಸಿ ಈ ಕಾಗದಕ್ಕೆ ಕೂತೆ. ನೀನು ಚಿಂತೆ ಮಾಡಬೇಡ.

ಪಿಟೀಲಿಗೆ ನನ್ನ ಮುತ್ತು, ಅವಳ ಅಮ್ಮನಿಗೆ ಅಕ್ಕರೆ. ನಿನ್ನ ದಾರಿಯ ಸಿಗ್ನಲ್ಲುಗಳೆಲ್ಲ ಹಸಿರಾಗಿರಲಿ.

ನಿನ್ನ ಅಕ್ಕ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನೀನು ಕಳಿಸಿದ ವಿಡಿಯೋ ಬಂತು, ಪಿಟೀಲಿನ ಶಾಲೆಯ ಓಟದ್ದು. ಅಪ್ಪ "ನೋಡೇ, ನನ್ನ ಮೊಮ್ಮಗಳು!" ಎಂದು ಚಪ್ಪಾಳೆ ತಟ್ಟಿದರು. ನಾನು ಫೋನನ್ನು ಒಳಗೆ ತಂದು ಧ್ವನಿ ನಿಲ್ಲಿಸಿ ಬರೀ ಕಾಲು ನೋಡಿದೆ. ಮೇಲೆ ಬರೆದ ತೀರ್ಮಾನವನ್ನು ಹೊಡೆದುಹಾಕಿದೆ ಎಂದುಕೋ. ಎಂಟನೇ ವಯಸ್ಸಿನಲ್ಲಿ ಪಟ್ಟಿ, ವ್ಯಾಯಾಮ ಶುರುವಾದರೆ ಪಾದ ಅಷ್ಟು ಬಾಗುವುದಿಲ್ಲವಂತೆ, ಈ ಕಾಯಿಲೆಯವರಿಗೆ ಕೊಡಲೇಬಾರದ ಔಷಧಿಗಳೂ ಕೆಲವಿವೆಯಂತೆ. ಮೊದಲು ನನ್ನ ರಕ್ತದಲ್ಲಿ ಅದು ಸಿಕ್ಕಿದರೆ ಅವಳಲ್ಲಿ ಹುಡುಕುವುದು ಸುಲಭ. ಆದರೆ ಅವಳಲ್ಲಿ ಸಿಕ್ಕಿದರೆ ನಿನಗೆ ಬೇರೆ ಪರೀಕ್ಷೆಯೇ ಬೇಡ, ಅವಳಿಗೆ ಅದು ನಿನ್ನಿಂದಲ್ಲದೆ ಬರುವ ದಾರಿಯಿಲ್ಲ. ಮುಂದಿನ ಶುಕ್ರವಾರ ರಕ್ತ ಕೊಡುತ್ತೇನೆ. ಬೇಡ ಎನ್ನುವ ಹಕ್ಕು ನಿನಗಿದೆ, ಅಷ್ಟರೊಳಗೆ ಹೇಳು. ಹೇಳುವ ಮೊದಲು ಆ ವಿಡಿಯೋವನ್ನು ಇನ್ನೊಮ್ಮೆ ನೋಡು. ನೆಲ ಜಾರಿ ಬಿದ್ದಳು ಎಂದು ಅದರ ಕೆಳಗೆ ಬರೆದಿದ್ದೀಯ. ನೆಲ ಒಣಗಿತ್ತು ಕಣೋ.