ಮಲ್ಲೇಶಿಯ ಬೆರಳಿನ ಅಳತೆ

ಎಲೈ ನನ್ನ ಜೀವದ ಗೆಳೆಯನೇ, ಮಲ್ಲೇಶೀ,

ಕೇಳಿಸಿತೇ? ಕೇಳಿಸದಿದ್ದರೆ ಇನ್ನೂ ಎತ್ತರದ ದನಿಯಲ್ಲಿ ಕೂಗುತ್ತೇನೆ. ನನ್ನ ಗಂಟಲಿಗೆ ವಿಜಾಪುರದ ಕೋಟೆಗೋಡೆಯೇ ಬಿರುಕು ಬಿಟ್ಟೀತು ಎಂದು ಹಂಗಿಸುತ್ತಿದ್ದವನು ನೀನು. ಜೋರಾಪುರ ಪೇಟೆಯ ನಿನ್ನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಇದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಇಲ್ಲಿ ಕೂಗಿದರೆ ನನ್ನ ದನಿ ನನಗೇ ತಿರುಗಿ ಬರುತ್ತದೆ. "ಸಾಕ ಬಿಡಲೇ, ತಗಡು ನಡಗಾಕತ್ತೈತಿ" ಎಂದು ಗದರಿಸಲು ಈಗ ಯಾರಿದ್ದಾರೆ?

ಹತ್ತಿ ಸಾಹುಕಾರರ ಕರಿ ಮೋಟಾರಿನ ಮುಂದೆ ನೀನು ಮೊಣಕಾಲೂರಿ ಕೂತ ಆ ಮಧ್ಯಾಹ್ನ ನೆನಪಿದೆಯೇ? ಮೊಣಕೈಯಿಂದ ನಡುಬೆರಳ ತುದಿಯವರೆಗೆ ಕೈಯನ್ನು ಮೋಟಾರಿಗೆ ಒತ್ತಿ ಒತ್ತಿ ಅಳೆಯುತ್ತಿದ್ದೆ. ಡ್ರೈವರ್ ದಸ್ತಗೀರ ಬೀಡಿ ಸೇದುತ್ತ ಬಹಳ ಹೊತ್ತು ನೋಡಿದ. ಕೊನೆಗೆ ತಡೆಯಲಾರದೆ ಕೇಳಿದ:

"ಏನ್ರಿಪಾ, ಮೋಟಾರಿಗೆ ಅಂಗಿ ಹೊಲಿಯಾಕತ್ತೀರೇನು?"

"ಅಂಗಿ ಅಲ್ಲೋ ಮಾರಾಯಾ. ಇದಕ್ಕೊಂದು ಮರಿ ಮಾಡಾಕತ್ತೇನಿ."

"ಹಂಗಾರ ಮರೀಗೆ ಪೆಟ್ರೋಲ್ ರೂಢಿ ಮಾಡಬ್ಯಾಡ್ರಿ. ಈ ಲಡಾಯಿದಾಗ ತಾಯಿಗೇ ಸಿಗವಲ್ದು!"

ಅಂದು ಸಂಜೆಯೇ ನೀನು ಸೀಮೆಎಣ್ಣೆ ಡಬ್ಬಿ ಸೀಳಿ ತಗಡು ಹಾಸಿದೆ. ನಾಟಕದವರಿಗೆ ಕಿರೀಟ, ಕತ್ತಿ ಮಾಡಿಕೊಡುವ ಕತ್ತರಿಯೇ ಮೋಟಾರಿಗೂ ಸಾಕು ಎಂದೆ. ನಿನ್ನ ಲೆಕ್ಕ ಎಷ್ಟು ಸರಳ! ಮೋಟಾರಿನ ಮೇಲೆ ಒಂದು ಮೊಳ ಇದ್ದದ್ದು ತಗಡಿನ ಮೇಲೆ ಒಂದು ಬೆರಳಿನ ಅಗಲ. ಅಳತೆ ಬರೆದಿಡೋಣ ಎಂದು ನಾನಂದರೆ ನೀನು ನಕ್ಕುಬಿಟ್ಟೆ. "ಹಾಳಿ ಕಳೀತೈತಿ, ನಿನ್ನ ಬಾಯಿ ಎಲ್ಲಿ ಕಳೀತೈತಿ? ಬಾಯಿಪಾಠ ಮಾಡ್ಕೋ." ನಾನೋ, ಎದೆಯ ಮೇಲೆ ಕೈಯಿಟ್ಟು, ಸಿಂಹಾಸನ ಏರಿದವನಂತೆ ಗರ್ಜಿಸಿದೆ: "ಬಾಗಿಲು ಎರಡು ಮೊಳ! ಇಂಜಿನ್ನಿನ ಮುಚ್ಚಳ ಎರಡೂವರೆ!" ಪಕ್ಕದ ಮನೆಯ ಎಮ್ಮೆ ಬೆದರಿ ಗೂಟ ಕಿತ್ತಿತ್ತು.

ಟಿಕೋಟಾ ಊರಿನಲ್ಲಿ ನಾನು ವೇಷ ಹಾಕಿದ ನಾಟಕದ ಆಟ ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ರಾಕ್ಷಸನಾಗಿ ಅಬ್ಬರಿಸುತ್ತ ರಂಗಕ್ಕೆ ಬಂದರೆ ಮುಂದೆ ಕೂತಿದ್ದ ಮುದುಕಿಯೊಬ್ಬಳು, "ಯಪ್ಪಾ, ಇವಂದು ಒಂದ ಕಿವ್ಯಾಗ ಮುರುವು ಐತಿ ನೋಡ್ರೆ! ಇನ್ನೊಂದು ಎಲ್ಲಿ ಒತ್ತಿ ಇಟ್ಟಾನೋ!" ಎಂದಳು. ಮಂದಿಯೆಲ್ಲ ಹೋ ಎಂದು ನಕ್ಕಿತು. ದುಂಡನೆಯ ಆ ಹಿತ್ತಾಳೆ ಮುರುವು ಆಗಲೇ ನಿನ್ನ ಮರಿ ಮೋಟಾರಿನೊಳಗೆ ಸ್ಟೀರಿಂಗ್ ಆಗಿ ಕೂತಿತ್ತಲ್ಲ! ಪರದೆಯ ಹಿಂದೆ ನಿನ್ನ ಕೊರಳಪಟ್ಟಿ ಹಿಡಿದೆ. "ರಾಕ್ಷಸಗ ಒಂದ ಕಿವಿ ಸಾಕಲೇ ಬಸಣ್ಣಾ," ಎಂದೆ ನೀನು, ಸ್ವಲ್ಪವೂ ನಾಚಿಕೆಯಿಲ್ಲದೆ. "ಗಾಡಿಗೆ ಸ್ಟೀರಿಂಗ್ ಬ್ಯಾಡೇನು?"

ಜ್ವರದಲ್ಲಿ ಮಲಗಿದ್ದಾಗ ನೀನು ಗೋಡೆಯ ಗೂಡಿನಲ್ಲಿದ್ದ ಮರಿ ಮೋಟಾರನ್ನೇ ನೋಡುತ್ತಿದ್ದೆ. "ಮುಚ್ಚಳ, ಎರಡು ದೀಪ ಉಳದಾವಲೇ. ನೀ ಮಾಡ್ತೀಯೇನು?" ಎಂದು ಕೇಳಿದೆ. "ಮಾಡದೆ ಬಿಟ್ಟೇನೇ!" ಎಂದು ನಾನು ತೊಡೆ ತಟ್ಟಿದೆ. ನೀನು ನಕ್ಕೆ. ನಾನು ನೀರು ತರಲು ಎದ್ದೆ, ತಂಬಿಗೆ ಹಿಡಿದು ತಿರುಗಿ ನೋಡುವಷ್ಟರಲ್ಲಿ...

ನೀನು ಹೋದ ಮೇಲೆ ನಿನ್ನ ಹೆಂಡತಿ ನೀಲವ್ವ ಬಬಲೇಶ್ವರದ ತವರಿಗೆ ಹೋದಳು. ಸಾಹುಕಾರರು ಯುದ್ಧದ ದಿನಗಳಲ್ಲಿ ಪೆಟ್ರೋಲ್ ಸಿಗದೆ ಬೇಸತ್ತು ಮೋಟಾರನ್ನು ಸೊಲ್ಲಾಪುರದವರಿಗೆ ಮಾರಿದರು. ಉಳಿದವನು ನಾನು, ಉಳಿದದ್ದು ನಿನಗೆ ಕೊಟ್ಟ ಮಾತು.

ಮೊದಲ ಸಲ ಮುಚ್ಚಳ ಕತ್ತರಿಸಿದ ದಿನ ನೀನಿದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಪಾಠ ಒಪ್ಪಿಸಿದೆ: ಎರಡೂವರೆ. ತಗಡಿನ ಮೇಲೆ ಎರಡೂವರೆ ಬೆರಳು ಗುರುತು ಹಾಕಿದೆ, ಕತ್ತರಿಸಿದೆ, ಬಗ್ಗಿಸಿದೆ. ಕೂರಿಸಿದರೆ ಮಗುವಿನ ತಲೆಗೆ ಅಪ್ಪನ ಪಟಗ ಇಟ್ಟಂತೆ! ಮರೆತೆನೇ ಎಂದು ಮತ್ತೆ ಮತ್ತೆ ಒಪ್ಪಿಸಿದೆ. ಪಾಠ ತಪ್ಪಿರಲಿಲ್ಲ, ಮಲ್ಲೇಶಿ. ಮೊಳ ನಿನ್ನ ಕೈಯದು, ಬೆರಳು ನನ್ನದು. ನನ್ನ ಬೆರಳು ಬಾಳೆಕಾಯಿ, ನಿನ್ನದು ಬೆಂಡೆಕಾಯಿ. ನನ್ನ ಮೊಳದಿಂದ ಹೊಸದಾಗಿ ಅಳೆಯೋಣವೆಂದರೆ ಮೋಟಾರೇ ಊರಲ್ಲಿಲ್ಲ. ಅಳತೆಯೆಲ್ಲ ನನ್ನ ಬಾಯಲ್ಲಿದೆ, ಬೆರಳನ್ನು ನೀನು ಒಯ್ದುಬಿಟ್ಟಿದ್ದೀಯ. ಇನ್ನು ನಾನೇನು ಮಾಡಲಿ?

ಹಲವು ಸಂಜೆ ಸುಮ್ಮನೆ ಅದರೆದುರು ಕೂತೆ. ಒಂದು ದಿನ ಬೇಸರಕ್ಕೆ ಪಾಠವನ್ನು ಮೊದಲಿನಿಂದ ಒಪ್ಪಿಸುತ್ತಿದ್ದೆ. "ಬಾಗಿಲು ಎರಡು ಮೊಳ" ಎಂದವನು ಅಲ್ಲೇ ನಿಂತುಬಿಟ್ಟೆ. ಬಾಗಿಲು! ಅದನ್ನು ನೀನೇ ಮಾಡಿದ್ದೆ, ನಿನ್ನ ಎರಡು ಬೆರಳಿನ ಅಗಲಕ್ಕೆ. ಕಾಗದದ ಪಟ್ಟಿಯೊಂದನ್ನು ಬಾಗಿಲ ಅಗಲಕ್ಕೆ ಸರಿಯಾಗಿ ಕತ್ತರಿಸಿ ನಡುವೆ ಮಡಿಸಿದೆ. ಮಡಿಕೆಯಾದ ಆ ಚೂರು ನನ್ನ ಅಂಗೈಯಲ್ಲಿತ್ತು. ನಿನ್ನ ಬೆರಳು, ಮಲ್ಲೇಶಿ. ಅಷ್ಟೇ ಅಗಲ. ಎಷ್ಟು ಸಣ್ಣ ಇತ್ತಲ್ಲೋ ಅದು! ನೀನಿದ್ದಾಗ ನಾನು ಒಮ್ಮೆಯಾದರೂ ಸರಿಯಾಗಿ ನೋಡಿದ್ದೆನೇ?

ದೊಡ್ಡದಾಗಿದ್ದ ಮುಚ್ಚಳವನ್ನು ಆ ಚೂರಿನಿಂದ ಅಳೆದು ಸವರಿದೆ, ಹೊಸದಾಗಿ ಬಗ್ಗಿಸಿದೆ. ಕೂತಿತು! ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. "ನೋಡಲೇ!" ಎಂದು ಗರ್ಜಿಸಿ ನೀನು ಕೂತು ಕೆಲಸ ಮಾಡುತ್ತಿದ್ದ ಮಣೆಯ ಕಡೆ ತಿರುಗಿದೆ. ತಿರುಗಬಾರದಿತ್ತು.

ಮೊನ್ನೆ ಸೋಮವಾರ ಮರಿ ಮೋಟಾರನ್ನು ಪಂಚೆಯಲ್ಲಿ ಸುತ್ತಿಕೊಂಡು ಬಬಲೇಶ್ವರಕ್ಕೆ ಹೋಗಿದ್ದೆ. ನೀಲವ್ವ ಅದರ ಬಾಗಿಲು ತೆರೆದು ನೋಡಿದಳು, ಮುಚ್ಚಳ ಎತ್ತಿ ನೋಡಿದಳು. "ಇದರ ಸಲುವಾಗಿ ದಿನಾ ಆರಿದ ರೊಟ್ಟಿ ತಿಂತಿದ್ರು" ಎಂದು ಸಣ್ಣಗೆ ನಕ್ಕಳು. ಅಳತೆ ಸಿಕ್ಕ ಕಥೆ ಹೇಳಿ ಆ ಕಾಗದದ ಮಡಿಕೆಯನ್ನು ಅವಳ ಕೈಗಿಟ್ಟೆ. ಅವಳು ಅದನ್ನು ತನ್ನ ಬೆರಳಿನ ಪಕ್ಕ ಇಟ್ಟು ನೋಡಿದಳು.

"ಹೌದ್ರಿ ಅಣ್ಣಾ. ಇಷ್ಟ ಇತ್ತು."

"ಗಾಡಿ ನಿನ್ನ ಹತ್ರ ಇರಲಿ ತಂಗಿ. ನಿನಗಂತನ ತಂದೀನಿ."

"ಗಾಡಿ ನೀವ ಇಟ್ಕೋರಿ. ಇದನ್ನ ನನಗ ಕೊಡ್ರಿ."

ಎನ್ನುತ್ತಲೇ ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ನಾನು ಗಾಡಿಯನ್ನು ಮತ್ತೆ ಪಂಚೆಯಲ್ಲಿ ಸುತ್ತಿಕೊಂಡು ಎದ್ದೆ.

ಎರಡು ದೀಪ ಇನ್ನೂ ಉಳಿದಿವೆ. ಬಾಗಿಲಿಗೆ ಹಿಡಿದು ಮತ್ತೊಂದು ಪಟ್ಟಿ ಮಡಿಸಿಕೊಂಡರೆ ಆಯಿತು, ಕಷ್ಟವೇನಿಲ್ಲ. ಮಾಡಿಯೇ ಮಾಡುತ್ತೇನೆ. ಆದರೆ ನಿಧಾನ ಮಾಡುತ್ತೇನೆ, ಬೈಯಬೇಡ. ಅವೂ ಮುಗಿದ ಮೇಲೆ ಈ ಕೋಣೆಯಲ್ಲಿ ನಾನು ಯಾರ ಜೊತೆ ಕೆಲಸ ಮಾಡಲಿ?

ನಿನ್ನ
ಬಸಣ್ಣ