ಗೊರಸು ಕೆತ್ತುವ ಚಾಕು

ಮಸ್ಕಿ, ೧೪ ಅಕ್ಟೋಬರ್ ೨೦೨೫, ಮಂಗಳವಾರ

ಬಲಗಾಲಿನ ಆಣಿ ಮತ್ತೆ ಬೆಳೆದಿದೆ. ಸಿಂಧನೂರು ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವಾಗ ಡ್ರೈವರ್ ಬ್ರೇಕ್ ಒತ್ತಿದರೆ ನನ್ನ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಔಷಧಿ ಅಂಗಡಿಯ ಪಟ್ಟಿ ಅಂಟಿಸಿದ್ದಾಯಿತು, ಎಕ್ಕೆಯ ಹಾಲು ಹಚ್ಚಿದ್ದಾಯಿತು. ಲಿಂಗಸುಗೂರಿನ ಡಾಕ್ಟರು, "ನಿಂದ್ರೋ ಕೆಲಸ ಬಿಟ್ರ ಹೋಗ್ತದವ್ವಾ" ಅಂದರು. ಕಂಡಕ್ಟರ್ ಕೆಲಸ ಬಿಟ್ಟು ಏನು ಮಾಡಲಿ ಅಂತ ಕೇಳಿದರೆ ಮುಂದಿನ ಚೀಟಿಯವರನ್ನು ಕರೆದರು.

ಸಂಜೆ ಅವ್ವ ಈ ಆಣಿಗಾಗಿ ಮೂರನೇ ಸಲ ನನ್ನ ಕಾಲು ಹಿಡಿದು ಕೂತಳು. ಬಿಸಿನೀರಿನಲ್ಲಿ ನೆನೆಸಿ, ಕುರಿಗಳ ಗೊರಸು ಕೆತ್ತುವ ಚಾಕುವಿನಿಂದಲೇ ಕೆತ್ತತೊಡಗಿದಳು. ನಲವತ್ತು ವರ್ಷ ಕುರಿ ಹಿಂದೆ ತಿರುಗಿದವಳು. ನನ್ನ ಪಾದವನ್ನೂ ಕುರಿಯ ಕಾಲಿನಂತೆ ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದಳು. ನನಗೆ ನಗು ಬಂತು.

"ಯವ್ವಾ, ಒಂದು ಕುರಿಗೆ ಎಷ್ಟು ಸಲ ಕೆತ್ತತೀರಿ?"

"ಎರಡು ಸಲ ನೋಡ್ತೀವಿ. ಮತ್ತ ಕುಂಟಿದ್ರ ಸಂತಿಗೆ ಹೊಡದು ಮಾರ್ತೀವಿ."

ಅಂದವಳ ಕೈ ಅಲ್ಲೇ ನಿಂತಿತು. ಆಮೇಲೆ ಅರ್ಧ ಕೆತ್ತಿದ ಆಣಿಯನ್ನು ಹಾಗೇ ಬಿಟ್ಟು, ಚಾಕು ಒರೆಸಿಕೊಂಡು ಒಳಗೆ ಹೋದಳು. ಊಟಕ್ಕೂ ಕರೆಯಲಿಲ್ಲ.

ನಾಳೆ ಐದೂವರೆಗೆ ಡ್ಯೂಟಿ. ಮಲಗಬೇಕು. ಲೈಟಿನ ಸ್ವಿಚ್ಚು ಆ ಗೋಡೆಗಿದೆ, ನಾಲ್ಕು ಹೆಜ್ಜೆ ಕುಂಟಬೇಕು. ಉರಿಯಲಿ ಬಿಡು.